ರಸ್ತೆಯಲ್ಲಿ ಒಡೆದ ಬೂದುಗುಂಬಳ

ಟೆಕ್ಸಾಸಿನ ಮಿಸೌರಿ ಸಿಟಿಯಲ್ಲಿ ನನ್ನ ಮಗಳ ಪಕ್ಕದ ಮನೆಯವನು ಇರಾಕ್ ಯುದ್ಧದಲ್ಲಿ ಸೇನೆಯ ಲಾರಿ ಓಡಿಸಿದವನು. ಅಲ್ಲಿ ರಸ್ತೆಬದಿಯ ಕಸದಲ್ಲಿ ಬಾಂಬು ಹುದುಗಿಸುತ್ತಿದ್ದರಂತೆ. ತನ್ನ ಮುಂದಿನ ಲಾರಿ ಸಿಡಿದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಮರಳಿ ಬಂದು ವರ್ಷಗಳಾದರೂ ದಾರಿಯಲ್ಲಿ ಒಂದು ಚೀಲ ಬಿದ್ದಿದ್ದರೆ ಕಾರು ನಿಲ್ಲಿಸಿಬಿಡುತ್ತಿದ್ದ. ಅವನ ಹೆಂಡತಿ ತಮ್ಮ ಪುಟ್ಟ ಮಗಳನ್ನು ಕರೆದುಕೊಂಡು ಆಸ್ಟಿನ್‌ಗೆ ಹೋಗಿದ್ದಳು. ಅವನೊಬ್ಬನೇ ಕಾರು ಓಡಿಸಿಕೊಂಡು ಬಂದರೆ ಮಗುವನ್ನು ವಾರಾಂತ್ಯಕ್ಕೆ ಕಳಿಸುವುದಾಗಿ ಹೇಳಿದ್ದಳು.

ಐದಕ್ಕೆ ಏಳುವುದು ನಾನು ಹಾಸ್ಟೆಲಿನಲ್ಲಿ ಕಲಿತದ್ದು. ಅವನಿಗೆ ಮತ್ತೆ ರಸ್ತೆ ರೂಢಿಯಾಗಲೆಂದು ದಿನಾ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಅವನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದೆ. ಅವನು ಓಡಿಸುತ್ತಿದ್ದ. ದಾರಿಯಲ್ಲಿ ಕಂಡದ್ದನ್ನೆಲ್ಲ ನಾನು ಗಟ್ಟಿಯಾಗಿ ಹೇಳುತ್ತಿದ್ದೆ: ರಟ್ಟಿನ ಡಬ್ಬ, ಟೈರಿನ ಚೂರು, ಸತ್ತ ಅಳಿಲು.

"ನಮ್ಮ ಸಾರ್ಜೆಂಟೂ ಇಷ್ಟು ಗದರುತ್ತಿರಲಿಲ್ಲ ಸರ್," ಎಂದು ಇಂಗ್ಲಿಷಿನಲ್ಲಿ ಅಣಕಿಸುತ್ತಿದ್ದ.

ಎಂಟು ತಿಂಗಳ ಮೇಲೆ, ಒಂದು ಶನಿವಾರ, ಒಬ್ಬನೇ ಆಸ್ಟಿನ್‌ಗೆ ಹೊರಟ.

ನಮ್ಮ ಮನೆಯಲ್ಲಿ ಆಯುಧಪೂಜೆಯನ್ನು ರಜೆ ನೋಡಿ ಅದೇ ಶನಿವಾರಕ್ಕೆ ಇಟ್ಟುಕೊಂಡಿದ್ದೆವು. ಕಾರುಗಳಿಗೆ ಹೂವು ಮುಡಿಸಿ, ಕುಂಕುಮ ತುಂಬಿದ ಬೂದುಗುಂಬಳವನ್ನು ನಿವಾಳಿಸಿದೆ.

"ಅಪ್ಪ, ರೋಡಲ್ಲಿ ಬೇಡ. ಬ್ಯಾಕ್‌ಯಾರ್ಡಲ್ಲಿ ಒಡೀರಿ," ಎಂದಳು ಮಗಳು.

"ದೃಷ್ಟಿ ತೆಗೆದದ್ದನ್ನ ಯಾರಾದ್ರೂ ಹಿತ್ತಲಲ್ಲಿ ಒಡೀತಾರೇನೆ? ಪದ್ಧತಿ ಅಂದ್ರೆ ಪದ್ಧತಿ."

"ಹಾಗಾದ್ರೆ ಕ್ಲೀನೂ ನೀವೇ ಮಾಡಿ."

"ಸಂಜೆ ಮಾಡ್ತೀನಿ. ಒಡೆದ ತಕ್ಷಣ ಬಳೀಬಾರ್ದು."

ಮೂರು ಗಂಟೆಗೆ ಅವನ ಕಾರು ನಮ್ಮ ರಸ್ತೆಗೆ ತಿರುಗಿತು. ಹಿಂದಿನ ಸೀಟಿನಲ್ಲಿ ಮಗು ಕಂಡಿತು. ನಾನು ಮುಂಬಾಗಿಲಿನಿಂದ ಖುಷಿಯಾಗಿ ಕೈ ಎತ್ತಿದೆ. ಅಷ್ಟರಲ್ಲಿ ರಸ್ತೆಯ ಮೇಲಿನ ಕೆಂಪು ರಾಶಿ ಅವನ ಕಣ್ಣಿಗೆ ಬಿತ್ತು. ಬ್ರೇಕ್ ಒತ್ತಿ, ಇಳಿದು, ಮಗುವನ್ನು ಹೊರಗೆಳೆದು ಹುಲ್ಲಿನ ಮೇಲೆ ಕೆಡವಿ ಅದರ ಮೇಲೆ ಕವುಚಿ ಮಲಗಿದ. ಮಗು ಚೀರುತ್ತಿತ್ತು. "ಕುಂಬಳಕಾಯಿ, ಬರೀ ಕುಂಬಳಕಾಯಿ!" ಎಂದು ಕೂಗುತ್ತ ಓಡಿದೆ. ಮೊದಲು ಕನ್ನಡದಲ್ಲೇ ಕೂಗಿದೆ, ಆಮೇಲೆ ಇಂಗ್ಲಿಷಿನಲ್ಲಿ. ಅವನು ಬಿಡಲಿಲ್ಲ. ನಾನೂ ಮಗಳೂ ಸೇರಿ ಬಿಡಿಸುವಷ್ಟರಲ್ಲಿ ಮಗುವಿನ ಕೈ ಮುರಿದಿತ್ತು.

ಕಸ ಕಂಡರೆ ಅವನಿಗೆ ಏನಾಗುತ್ತದೆಂದು ನನ್ನಷ್ಟು ತಿಳಿದವರು ಆ ಬೀದಿಯಲ್ಲಿ ಇರಲಿಲ್ಲ. ಆದರೂ ಪೂಜೆಯದೂ ಕಸವೇ ಎಂದು ನನಗೆ ಹೊಳೆಯಲೇ ಇಲ್ಲ.

ಸಂಜೆ ನಾವು ಆಸ್ಪತ್ರೆಯಿಂದ ಮರಳಿದ ಮೇಲೆ ಮಗುವಿನ ತಾಯಿ ಬಂದಳು. ತಪ್ಪು ನನ್ನದು ಎಂದೆ.

"ನಿಮ್ಮದಲ್ಲ ಸರ್," ಎಂದಳು, ಮೆತ್ತಗೆ. "ಮುಂದಿನ ಸಲ ರಸ್ತೆಯಲ್ಲಿ ಬೇರೆ ಏನಾದರೂ ಇರುತ್ತದೆ."

ಮಗು ಯಾರೂ ಹೇಳದೆಯೇ ತಾಯಿಯ ಕಾರು ಹತ್ತಿತು. ಅವನು ಕಿಟಕಿಯ ಬಳಿ ಹೋಗಿ ಬಗ್ಗಿದ. ಅದು ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಸೀಟಿನ ಆಚೆ ಬದಿಗೆ ಸರಿದು ಕೂತಿತು.