ತಿರುಗಿ ಬಂದವರಿಗೆ ಬೆಲ್ಲ

ಅವಳ ಅಂಗಾಲುಗಳಿಂದಲೇ ಶುರು ಮಾಡಬೇಕು. ಬೇಸಿಗೆಯ ಎರೆ ಹೊಲದ ಹಾಗೆ ಬಿರಿದಿದ್ದವು. ಆದರೆ ಆ ಬಿರುಕುಗಳ ಒಳಗೆ ಕಪ್ಪಲ್ಲ, ಹಸಿರು ಇರುತ್ತಿತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗದ ಹುಲ್ಲಿನ ರಸ. ಗೇಟಿನ ಹೊರಗೆ ಚಪ್ಪಲಿ ಬಿಟ್ಟು, ಹುಲ್ಲಿನ ಮೇಲೆ ಈ ತುದಿಯಿಂದ ಆ ತುದಿಗೆ ಒಮ್ಮೆ ಬರಿಗಾಲಲ್ಲಿ ನಡೆದ ಮೇಲೆಯೇ ಅವಳು ಕುಡುಗೋಲು ಹಿಡಿಯುತ್ತಿದ್ದದ್ದು. "ನೀರು ಎಲ್ಲಿ ಕಮ್ಮಿ ಬಿದ್ದದ ಅನ್ನೋದು ಕಣ್ಣಿಗಿಂತ ಮೊದಲ ಕಾಲಿಗೆ ತಿಳೀತದ್ರಿ ಅಕ್ಕೋರ" ಅನ್ನುತ್ತಿದ್ದಳು. ನಾನು ಶಹಾಪುರದ ಹತ್ತಿರದ ಕಾಲುವೆ ಕ್ಯಾಂಪಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು, ಹಾಗಾಗಿ ಎಲ್ಲರ ಬಾಯಲ್ಲೂ ಅಕ್ಕೋರು. ಅವಳು ಎಲ್ಲರ ಬಾಯಲ್ಲೂ ಕರಕಿ ಆಯಿ.

ಕಾಲುವೆ ಬರುವ ಮುಂಚೆ ಅವಳು ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ನಮ್ಮ ಎರೆ ಮಣ್ಣಿನಲ್ಲಿ ಕರಕಿಯಷ್ಟು, ಅಂದರೆ ಗರಿಕೆ ಹುಲ್ಲಿನಷ್ಟು, ಹಟಮಾರಿ ಕಳೆ ಇನ್ನೊಂದಿಲ್ಲ. ಒಂದು ಗೆಣ್ಣು ಉಳಿದರೂ ಮತ್ತೆ ಹಬ್ಬುತ್ತದೆ. ಕ್ಯಾಂಪು ಕಟ್ಟಿದಾಗ ದೊಡ್ಡ ಸಾಹೇಬರೊಬ್ಬರು ಬಂಗಲೆಯ ಮುಂದೆ ಲಾನ್ ಬೇಕೆಂದು ಹೈದರಾಬಾದಿನಿಂದ ಮೆತ್ತನೆಯ ಹುಲ್ಲು ತರಿಸಿದರಂತೆ. ಅದು ಒಂದು ಬೇಸಿಗೆಗೇ ಒಣಗಿ ಹೋಯಿತು. ಆಗ ಕಾಲುವೆ ಏರಿಯ ಮೇಲೆ ಮಣ್ಣು ಹೊರುತ್ತಿದ್ದ ಈಕೆ ಒಂದು ಚೀಲ ಕರಕಿ ತಂದು ನೆಟ್ಟುಕೊಟ್ಟಳು. "ಇಡೀ ಹರೇ ಕರಕಿ ಕಿತ್ತಿ ಒಗದೆ. ಮುಪ್ಪಿನಾಗ ಅದನ್ನ ನೆಟ್ಟು ಉಣ್ಣಾಕತ್ತೀನಿ. ಅದು ನನ್ನ ಮ್ಯಾಲ ಸಿಟ್ಟು ಇಟ್ಕೊಂಡಿಲ್ಲ ನೋಡ್ರಿ" ಎಂದು ನಗುತ್ತಿದ್ದಳು. ನಾನು ಕ್ಯಾಂಪಿಗೆ ಬರುವ ಹೊತ್ತಿಗೆ ಅವಳು ಮತ್ತು ಅವಳ ಸೊಸೆ ಸೇರಿ ಕ್ವಾರ್ಟರ್ಸಿನ ಮನೆಗಳು, ಶಹಾಪುರದ ಒಬ್ಬ ಡಾಕ್ಟರು, ಸುರಪುರದ ಒಬ್ಬ ವಕೀಲರು, ಹೀಗೆ ಸಾಕಷ್ಟು ಗಿರಾಕಿ ಹಿಡಿದಿದ್ದರು. ನಮ್ಮ ಮನೆಯ ಹುಲ್ಲು ಕೊಯ್ಯಲು ಮಂಗಳವಾರ ಬರುತ್ತಿದ್ದರು.

ಈಗ ನನ್ನ ವಿಷಯ. ನಾನು ಶಾಲೆಯಲ್ಲಿ ಎಲ್ಲರೂ ಒಂದೇ ಎಂದು ಪಾಠ ಮಾಡಿ, ಮನೆಯಲ್ಲಿ ಆಯಿಗೆ ಹಿಡಿ ಮುರಿದ ಒಂದು ಕಪ್ಪನ್ನು ಕಂಪೌಂಡು ಗೋಡೆಯ ಮೇಲೆ ಇಟ್ಟಿದ್ದವಳು. ಅವಳ ಕೇರಿ ಯಾವುದು ಎಂದು ಗೊತ್ತಿತ್ತು, ಅದಕ್ಕೆ. ಅತ್ತೆಯವರು ಇಟ್ಟ ಪದ್ಧತಿ ಎಂದು ಹೇಳಿ ಜಾರಿಕೊಳ್ಳಬಹುದು. ಆದರೆ ಅತ್ತೆ ತೀರಿಕೊಂಡ ಮೇಲೂ ಆ ಕಪ್ಪು ಅಲ್ಲಿಯೇ ಇತ್ತು.

ಒಂದು ಏಪ್ರಿಲ್ ಮಧ್ಯಾಹ್ನ ನಮ್ಮವರು ಒಳಗಿನ ಸ್ಟೀಲಿನ ಲೋಟದಲ್ಲಿ ಅವಳಿಗೆ ನೀರು ಕೊಟ್ಟುಬಿಟ್ಟರು. ಅವರು ಕಾಲುವೆ ಆಫೀಸಿನಲ್ಲಿ ಓವರ್‌ಸಿಯರ್. ಇಂಥದ್ದೆಲ್ಲ ಅವರ ತಲೆಗೆ ಹತ್ತುತ್ತಿರಲಿಲ್ಲ. ನಾನು ಶಾಲೆಯಿಂದ ಬಂದವಳು ನೋಡಿದೆ. ಸಿಟ್ಟು ಬಂದದ್ದು ಗಂಡನ ಮೇಲೆ, ಹರಿದದ್ದು ಅವಳ ಮೇಲೆ.

"ನಿನ್ನ ಕಪ್ಪು ಕಣ್ಣಿಗೆ ಬೀಳಲಿಲ್ಲೇನು?" ಎಂದೆ.

ಅವಳು ಲೋಟವನ್ನು ತೊಳೆದು ಗೋಡೆಯ ಮೇಲೆ ಬೋರಲು ಹಾಕಿದಳು. ಉಳಿದಿದ್ದ ಹುಲ್ಲನ್ನು ಅಂಚಿನವರೆಗೆ ಕೊಯ್ದು ಮುಗಿಸಿದಳು. ಕೊಯ್ದದ್ದನ್ನು ಬಾಚಿ ಚೀಲಕ್ಕೆ ತುಂಬಿ ಹೋದಳು. ಮುಂದಿನ ಮಂಗಳವಾರ ಬರಲಿಲ್ಲ. ನಾನೂ ಕರೆಯಲಿಲ್ಲ. ಬೇಕಾದರೆ ಬರಲಿ ಅಂದುಕೊಂಡೆ. ನನ್ನ ಬಿಗುಮಾನ ಮೊದಲಿನಿಂದಲೂ ಸ್ವಲ್ಪ ಜಾಸ್ತಿ.

ಯಾದಗಿರಿಯಿಂದ ಮಶಿನ್ ಹೊತ್ತುಕೊಂಡು ಬರುವ ಒಬ್ಬನನ್ನು ಹಿಡಿದೆ. ಅರ್ಧ ತಾಸಿನಲ್ಲಿ ಎಲ್ಲ ಬೋಳಿಸಿ ಹೋಗುತ್ತಿದ್ದ. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವುದು ನಿಂತಾಗಲೂ ಅಷ್ಟೇ ಗಿಡ್ಡಕ್ಕೆ ಬೋಳಿಸಿದ. ಹುಲ್ಲು ಸುಟ್ಟು, ನೆಲ ಕಂಡು, ನೆಗ್ಗಿನ ಮುಳ್ಳು ಹಬ್ಬಿತು. ಆಮೇಲೆ ಅವನೂ ಬರುವುದು ಬಿಟ್ಟ. ಎರಡು ವರ್ಷ ಹಾಗೆಯೇ ಕಳೆಯಿತು.

ನಮ್ಮವರಿಗೆ ಲಕ್ವಾ ಹೊಡೆದದ್ದು ಆಗ. ಬಲಗೈ, ಬಲಗಾಲು ಬಿದ್ದವು. ಮಾತು ತೊದಲಿತು. ಆಸ್ಪತ್ರೆಯಿಂದ ಕಳಿಸುವಾಗ ದಿನಾ ನಡೆಸಿರಿ, ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಸಿದರೆ ಒಳ್ಳೆಯದು, ಬಿದ್ದರೂ ಪೆಟ್ಟಾಗುವುದಿಲ್ಲ ಎಂದರು. ಮನೆಯ ಸಿಮೆಂಟ್ ನೆಲದ ಮೇಲೆ ಅವರು ಎರಡು ಸಲ ಬಿದ್ದರು. ಎರಡನೆಯ ಸಲ ಹುಬ್ಬು ಒಡೆಯಿತು. ಆಮೇಲೆ ಹೆದರಿ ಏಳುವುದನ್ನೇ ಬಿಟ್ಟರು. ಹಾಸಿಗೆಯಲ್ಲಿ ಕೂತು ಕಿಟಕಿಯಿಂದ ಅಂಗಳ ನೋಡುತ್ತಿದ್ದರು. ಒಂದು ದಿನ ಎಡಗೈಯಿಂದ ಆ ಮುಳ್ಳಿನ ಕಡೆ ತೋರಿಸಿ, "ಆ...ಯಿ" ಎಂದರು. ಇವರು ಈಗ ಎದ್ದು ನಡೆಯದಿದ್ದರೆ ಮತ್ತೆ ಯಾವತ್ತೂ ಇಲ್ಲ ಎಂಬುದು ನನಗೂ ಗೊತ್ತಿತ್ತು. ಆದರೂ ಎಂಟು ದಿನ ಮೀನಮೇಷ ಎಣಿಸಿದೆ. ನಾಚಿಕೆಗೆಟ್ಟವಳು ಎಂದು ಈಗ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಒಂಬತ್ತನೆಯ ದಿನ ಕಾಲುವೆ ದಾಟಿ ಅವಳ ಕೇರಿಗೆ ಹೋದೆ. ಸೊಸೆ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ಮುಖ ತಿರುಗಿಸಿ ಒಳಗೆ ಹೋದಳು. ಆಯಿ ಹೊರಗೆ ಬಂದಳು.

"ಬರ್ರಿ ಅಕ್ಕೋರ. ಬಿಸಲಾಗ ಬಂದೀರಿ, ಕುಂದರ್ರಿ."

ಒಳಗೆ ಕರೆದು, ಬುದ್ಧನ ಫೋಟೊ ಇದ್ದ ಗೋಡೆಯ ಕೆಳಗೆ ಚಾಪೆ ಹಾಸಿದಳು. ಒಂದು ತಾಟಿನಲ್ಲಿ ತಂಬಿಗೆ ನೀರು, ಪಕ್ಕದಲ್ಲಿ ನಿಂಬೆಕಾಯಿ ಗಾತ್ರದ ಬೆಲ್ಲದ ಹೆಂಟೆ ತಂದಿಟ್ಟಳು. ಕುಡೀರಿ ಎನ್ನಲಿಲ್ಲ. ನನ್ನನ್ನು ನೋಡಲೂ ಇಲ್ಲ. ಅತ್ತ ತಿರುಗಿ ಕುಡುಗೋಲಿನ ಹಿಡಿಗೆ ಚಿಂದಿ ಸುತ್ತತೊಡಗಿದಳು. ನನ್ನ ಕೈ ಒಂದು ಗಳಿಗೆ ಮೇಲೇಳಲಿಲ್ಲ. ಆ ಒಂದು ಗಳಿಗೆಯನ್ನು ನಾನು ಮುಚ್ಚಿಡಲಾರೆ. ಆಮೇಲೆ ಬೆಲ್ಲ ಬಾಯಿಗೆ ಹಾಕಿಕೊಂಡೆ, ನೀರು ಕುಡಿದೆ, ತಪ್ಪಾಯಿತು ಎನ್ನಲು ಹೊರಟೆ. ಅಷ್ಟು ದೊಡ್ಡ ಹೆಂಟೆ, ನಾಲಗೆಯೇ ಹೊರಳಲಿಲ್ಲ.

"ಸಾಹೇಬ್ರದು ಯಾವ ಕಾಲು ಬಿದ್ದದ್ರಿ?" ಎಂದಳು ಆಯಿ. ಆಗಲೇ ಎಲ್ಲ ತಿಳಿದಿತ್ತು. "ನಳದಾಗ ನೀರು ಬರ್ತಾವಿಲ್ಲ? ಮುಂಜಾನೆ ಬಿಸಿಲು ಯಾವ ಕಡಿಂದ ಬೀಳತದ?" ಬೆಲ್ಲ ಕರಗುವಷ್ಟರಲ್ಲಿ ನಾಳೆ ಎಷ್ಟು ಹೊತ್ತಿಗೆ ಬರುವುದು ಎಂಬುದೂ ತೀರ್ಮಾನವಾಗಿತ್ತು.

ಮರುದಿನ ಇಬ್ಬರೂ ಬಂದರು. ಮುಳ್ಳು ಕಿತ್ತರು. ಮಶಿನ್ನಿನವನನ್ನು ನಾನು ಬೈಯತೊಡಗಿದರೆ ಆಯಿ ಜೊತೆಗೂಡಲಿಲ್ಲ. "ಅವ ಅಂಚು ಹ್ಯಾಂಗ ನೆಟ್ಟಗ ಕೊಯ್ತಿದ್ದ ನೋಡ್ರಿ, ಅದು ನನಗ ಬರಂಗಿಲ್ಲ" ಎಂದಳು. ಅಂಗಳದ ತುಂಬ ಕರಕಿ ನೆಡದೆ, ಮೆಟ್ಟಿಲಿನಿಂದ ಒಂದು ಪಟ್ಟಿ ಮಾತ್ರ ನೆಟ್ಟಳು. ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಅಗಲ, ನಾಲ್ಕು ಹೆಜ್ಜೆ ಉದ್ದ. "ಮೊದಲ ಇಷ್ಟ ಸಾಕು. ಸಾಹೇಬ್ರು ನಡದಂಗ ನಡದಂಗ ಹುಲ್ಲು ಮುಂದ ಒಯ್ತೀನಿ." ಹುಲ್ಲು ಹಿಡಿದ ಮೇಲೆ ಅವರ ಎಡಗೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆಸಿದಳು. ಅವರು ಬಿದ್ದರು. ಬಿದ್ದು ಹುಲ್ಲಿನ ಮೇಲೆ ಕೂತು ನಕ್ಕರು. ಲಕ್ವಾ ಹೊಡೆದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಮಳೆಗಾಲ ಮುಗಿಯುವಾಗ ಹುಲ್ಲು ಗೇಟು ಮುಟ್ಟಿತು, ಅವರೂ ಕೋಲು ಹಿಡಿದು ಗೇಟು ಮುಟ್ಟಿದರು.

ಆ ಮುರುಕು ಕಪ್ಪನ್ನು ನಾನು ಮೊದಲ ದಿನವೇ ಒಗೆದಿದ್ದೆ. ಮನೆಯ ಲೋಟದಲ್ಲಿ ಚಹಾ ಕೊಟ್ಟೆ. ಅವಳು ಕುಡಿದು, ತೊಳೆದು, ರೂಢಿಯಂತೆ ಗೋಡೆಯ ಮೇಲೆ ಬೋರಲು ಹಾಕಹೋದಳು. ನಾನು ಕೈಯೊಡ್ಡಿ ಇಸಿದುಕೊಂಡೆ.

ಆಮೇಲೆ ನಾನು ಅವಳ ಮನೆಗೆ ಹೋಗಿ ಬಂದು ಮಾಡತೊಡಗಿದೆ. ಒಮ್ಮೆ ಹೋಗಿದ್ದಾಗ ಶಹಾಪುರದ ಡಾಕ್ಟರು ಬಂದರು. ಅವರೂ ಇವಳನ್ನು ಬಿಟ್ಟು ಮಶಿನ್ನಿನವನನ್ನು ಹಿಡಿದವರೇ. "ಅದು ಏನಾತಂದ್ರ ಆಯಿ..." ಎಂದು ಶುರು ಮಾಡಿದರು. "ಮೊದಲ ಬಾಯಾಗ ಬೆಲ್ಲ ಹಾಕೋರಿ" ಎಂದಳು. ಡಾಕ್ಟರ ಕೆನ್ನೆ ಉಬ್ಬಿತು, ಮಾತು ನಿಂತಿತು. ನನಗೆ ಆಗ ಹೊಳೆಯಿತು, ಬೆಲ್ಲದ ಹೆಂಟೆ ಅಷ್ಟು ದೊಡ್ಡದು ಯಾಕೆ ಎಂದು.

ಅವರು ಹೋದ ಮೇಲೆ ಸೊಸೆ ಸಿಡುಕಿದಳು. "ಬಿಟ್ಟು ಹೋದೋರಿಗೆ ಬೆಲ್ಲ ಯಾಕ, ಅತ್ತಿ? ತಪ್ಪಾತು ಅಂತ ಒಂದು ಮಾತರ ಅವರ ಬಾಯಿಲೆ ಬರಬಾರದೇನು?"

"ತಿರುಗಿ ಬರೋ ದಾರಿಗೆ ಮುಳ್ಳು ಹಚ್ಚಬಾರದವ್ವ" ಎಂದಳು ಆಯಿ. "ನಮ್ಮ ಮುಂದ ಒಮ್ಮಿ ತಪ್ಪಾತು ಅಂದವ ಮತ್ತ ನಮ್ಮನ್ನ ಮಾರಿ ಎತ್ತಿ ನೋಡಂಗಿಲ್ಲ. ಮಾರಿ ನೋಡಲಾರದವ ಗಿರಾಕಿ ಹ್ಯಾಂಗ ಆಗ್ತಾನ? ನಮ್ಮ ಮನಿ ನೀರು ಕುಡದ್ರ ಸಾಕು ನನಗ. ಕುಡೀಲಾರದವರು ಹೊರಗಿಂದ ಹೊರಗ ಹೋಗ್ಯಾರ, ಅವರ ಹುಲ್ಲು ನಾ ಕೊಯ್ಯಂಗಿಲ್ಲ."

ಸೊಸೆ ಒಪ್ಪಿದಂತೆ ಕಾಣಲಿಲ್ಲ. ನನ್ನ ಕಡೆ ಒಮ್ಮೆ ನೋಡಿ ತಾಟು ಎತ್ತಿಕೊಂಡು ಒಳಗೆ ಹೋದಳು. ನಾನು ತಲೆ ತಗ್ಗಿಸಿದೆ. ಆಮೇಲೆ ಎರಡು ಮೂರು ಸಲ ಆಯಿಯ ಮುಂದೆ ಆ ಲೋಟದ ಮಾತು ತೆಗೆಯಲು ನೋಡಿದೆ. ಪ್ರತಿ ಸಲವೂ ಅವಳು ನಗುತ್ತಾ, "ಅಕ್ಕೋರ ಬಾಯಿ ಖಾಲಿ ಆಗ್ಯಾದ, ಬೆಲ್ಲ ತಗೊಂಬಾರವ್ವ" ಎಂದು ಸೊಸೆಯನ್ನು ಕೂಗುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೂ ಅದು ಅನುಕೂಲವೇ ಆಗಿತ್ತು.

ಒಂದು ಚಳಿಗಾಲದಲ್ಲಿ ಆಯಿ ನಾಲ್ಕು ದಿನ ಜ್ವರ ಬಂದು ತೀರಿಕೊಂಡಳು. ನಮ್ಮವರ ತಪಾಸಣೆಗೆಂದು ನಾವಿಬ್ಬರೂ ಯಾದಗಿರಿಯ ಆಸ್ಪತ್ರೆಯಲ್ಲಿದ್ದೆವು, ಮಣ್ಣಿಗೆ ಹೋಗಲಾಗಲಿಲ್ಲ. ಮೂರನೆಯ ದಿನ ಹೋದೆವು. ನಮ್ಮವರು ಆಟೊ ಬೇಡ ಎಂದು ಹಟ ಹಿಡಿದು, ಕೋಲೂರಿಕೊಂಡು ಕಾಲುವೆಯ ಸೇತುವೆ ದಾಟಿ ನಡೆದೇ ಬಂದರು. ಸೊಸೆ ಚಾಪೆ ಹಾಸಿದಳು. ತಾಟಿನಲ್ಲಿ ತಂಬಿಗೆ ನೀರು ತಂದಿಟ್ಟಳು. ಸಾವಾದ ಮನೆ, ಸಿಹಿ ಇಡುವುದಿಲ್ಲ. ತಾಟಿನಲ್ಲಿ ಬೆಲ್ಲ ಇರಲಿಲ್ಲ.

ನೀರು ಕುಡಿದೆ. ಬಾಯಿ ಖಾಲಿಯೇ ಇತ್ತು.

"ಆಯಿಗೆ ಒಂದು ಮಾತು ಹೇಳೋದು ಉಳದಿತ್ತು" ಎಂದೆ.

"ಹೇಳ್ರಿ ಅಕ್ಕೋರ, ನಾ ಕೇಳ್ತೀನಿ" ಎಂದು ಅವಳು ಎದುರಿಗೆ ಕೂತಳು.

ಹೇಳಿದೆ. ಕಪ್ಪಿನ ಮಾತು, ಲೋಟದ ಮಾತು, ತಾಟಿನ ಮುಂದೆ ನನ್ನ ಕೈ ಮೇಲೇಳದ ಆ ಗಳಿಗೆ, ಎಲ್ಲ ಹೇಳಿ ತಪ್ಪಾಯಿತು ಎಂದೆ. ಅವಳು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದಳು. ಇರಲಿ ಬಿಡ್ರಿ ಎನ್ನಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಮುಖವನ್ನೇ ನೋಡುತ್ತಾ ಕೂತಳು. ನಾನೂ ಮುಖ ಎತ್ತಿಯೇ ಕೂತೆ.

"ಹುಲ್ಲು ಎದ್ದಿರಬೇಕು" ಎಂದಳು. "ಮಂಗಳವಾರ ಬರ್ತೀನ್ರಿ."