ಪಲ್ಲೆ ಏನು ಮಾಡೀರಿ?

ಕೊರೊನಾದ ಎರಡನೇ ಅಲೆ ಬಂದ ಬೇಸಿಗೆಯ ಮಾತಿದು. ಆಗ ನನಗೆ ನಲವತ್ತೇಳು. ಸಿಂದಗಿಯ ಒಂದು ಖಾಸಗಿ ಶಾಲೆಯಲ್ಲಿ ಹದಿನೆಂಟು ವರ್ಷ ಕನ್ನಡ ಕಲಿಸಿದ್ದೆ. ಶಾಲೆ ಮುಚ್ಚಿತು, ಸಂಬಳ ನಿಂತಿತು. ಯಜಮಾನರ ಬಟ್ಟೆ ಅಂಗಡಿಗೂ ಬೀಗ ಬಿತ್ತು. ಮುದ್ದೇಬಿಹಾಳಕ್ಕೆ ಕೊಟ್ಟ ಮಗಳು ದಿನಾ ಫೋನ್ ಮಾಡಿ "ಉಂಡ್ಯಾ ಯವ್ವಾ?" ಎಂದು ಕೇಳುತ್ತಿದ್ದಳು. "ಹೂಂ, ಆತವ್ವಾ" ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಅಂಜಿಕೆಗೆ ಊಟವೇ ಸೇರುತ್ತಿರಲಿಲ್ಲ. ಅಂಬ್ಯುಲೆನ್ಸ್ ಸದ್ದು ಕೇಳಿದರೆ ಸಾಕು, ಓಡಿ ಹೋಗಿ ಕಿಟಕಿ ಹಾಕುತ್ತಿದ್ದೆ.

ಅಂಥದರಲ್ಲಿ ಒಂದು ದಿನ ಬಸವನ ಬಾಗೇವಾಡಿಯಿಂದ ಶಾಂತಕ್ಕ ಫೋನ್ ಮಾಡಿದರು. ನಿವೃತ್ತ ನರ್ಸ್, ನಮಗೆ ದೂರದ ಸಂಬಂಧಿ, ಮುಲಾಜಿಲ್ಲದ ಮಾತಿನವರು.

"ಏನ್ ಮಾಡಾಕತ್ತಿ?"

"ಏನಿಲ್ರಿ ಅಕ್ಕಾ, ಸುಮ್ನ ಕುಂತೇನಿ."

"ಸುಮ್ನ ಕುಂತು ಅಂಜೂದಕ್ಕಿಂತ ನಾಕ ಮಂದಿ ಕೂಡ ಮಾತಾಡ್ಕೋತ ಅಂಜು."

ರೋಗ ತಗುಲಿ ಮನೆಯಲ್ಲೇ ಇರುವವರಿಗೆ ದಿನಾ ಬೆಳಿಗ್ಗೆ ಫೋನ್ ಮಾಡಿ ವಿಚಾರಿಸಲು ಅವರೊಂದು ಹೆಂಗಸರ ಗುಂಪು ಕಟ್ಟಿದ್ದರು. ಇಂಡಿ ಊರಿನವರೊಬ್ಬರು, ಕೊಲ್ಹಾರದವರೊಬ್ಬರು, ಹೀಗೆ ಎಂಟು-ಹತ್ತು ಜನ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನನಗೆ ಆರು ಮಂದಿಯ ನಂಬರ್ ಕೊಟ್ಟರು. ಜ್ವರ ಹೇಗಿದೆ, ಊಟ ಆಯಿತೇ, ಗುಳಿಗೆ ನುಂಗಿದರೇ ಎಂದು ಕೇಳಬೇಕು, ಅಷ್ಟೇ. ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ ಗೆರೆ ಹೊಡೆದು ಗುರುತು ಹಾಕತೊಡಗಿದೆ. ಹದಿನೆಂಟು ವರ್ಷದ ಚಾಳಿ ಎಲ್ಲಿ ಹೋದೀತು.

ನನ್ನ ಪಟ್ಟಿಯಲ್ಲಿ ಕನ್ನೊಳ್ಳಿಯ ಶರಣಪ್ಪ ಎಂಬ ರೈತರಿದ್ದರು. ಅರವತ್ತರ ಹತ್ತಿರ ವಯಸ್ಸು. ಹೆಂಡತಿಗೆ ರೋಗ ಜೋರಾಗಿ ವಿಜಯಪುರದ ಆಸ್ಪತ್ರೆಗೆ ಸೇರಿಸಿದ್ದರು, ಮಗ ಅಲ್ಲೇ ಇದ್ದ. ಶರಣಪ್ಪನವರಿಗೆ ಜ್ವರ ಸಣ್ಣದು, ಆದರೆ ಸಕ್ಕರೆ ಕಾಯಿಲೆ ಇತ್ತು. ಮನೆಯಲ್ಲಿ ಒಬ್ಬರೇ.

"ಉಂಡ್ರೀ ಅಣ್ಣಾರ?" ಎಂದು ಕೇಳುತ್ತಿದ್ದೆ.

"ಗಡದ್ದಾಗಿ ಆತ್ರಿ ಅಕ್ಕೋರ."

"ಹಂಗಾರ ಸಕ್ಕರಿ ಗುಳಿಗಿ ತಗೋರಿ ಮತ್ತ. ಮರೀಬ್ಯಾಡ್ರಿ."

ನಾಲ್ಕು ದಿನ ಹೀಗೇ ನಡೆಯಿತು. ನಾಲ್ಕೂ ದಿನ ಸರಿ ಗುರುತು ಹಾಕಿದೆ. ಇವರ ಬಗ್ಗೆ ಚಿಂತೆ ಇಲ್ಲ ಎಂದು ಶಾಂತಕ್ಕನಿಗೂ ಹೇಳಿದೆ.

ಐದನೆಯ ದಿನ ಅವರ ದನಿ ಇಳಿದಿತ್ತು. ಊಟ ಆಯಿತೆಂದರು, ಗುಳಿಗೆಯನ್ನೂ ಆಗಲೇ ನುಂಗಿದೆನೆಂದರು. ಇನ್ನೆರಡು ಮಾತಾಡಿಸೋಣವೆಂದು, ರೊಟ್ಟಿಯ ಜೊತೆಗಿನ ಪಲ್ಯದ ಬಗ್ಗೆ ಸಹಜವಾಗಿ "ಪಲ್ಲೆ ಏನು ಮಾಡೀರಿ?" ಎಂದೆ.



"ಪಲ್ಲೆ... ಪಲ್ಲೆ ಅಂದ್ರ..." ಎಂದು ತೊದಲಿದರು. ಏನೋ ಬಿದ್ದ ಸಪ್ಪಳವಾಗಿ ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಿದೆ, ಎತ್ತಲಿಲ್ಲ.

ನನಗೆ ಆಗ ಹೊಳೆಯಿತು. ಆ ಮನುಷ್ಯ ಜನ್ಮದಲ್ಲಿ ಒಲೆ ಹಚ್ಚಿದವರಲ್ಲ. ಹೆಂಡತಿ ಬಡಿದಿಟ್ಟು ಹೋದ ರೊಟ್ಟಿ ಎಂದೋ ಮುಗಿದಿರಬೇಕು. ನಮ್ಮ ಕಡೆ "ಉಂಡ್ರೀ" ಎಂದರೆ "ಆತ್ರಿ" ಎನ್ನುವುದು ನಮಸ್ಕಾರಕ್ಕೆ ನಮಸ್ಕಾರ ಹೇಳಿದ ಹಾಗೆ. ಹಸಿದವರೂ ಹಾಗೇ ಹೇಳುತ್ತಾರೆ. ಮಗಳಿಗೆ ನಾನೂ ದಿನಾ ಹೇಳುತ್ತಿರಲಿಲ್ಲವೇ? ಖಾಲಿ ಹೊಟ್ಟೆಯ ಮನುಷ್ಯನಿಗೆ ಟೀಚರ್ ಗತ್ತಿನಲ್ಲಿ ಸಕ್ಕರೆ ಗುಳಿಗೆ ನುಂಗಿಸಿದ್ದೆ.

ಶಾಂತಕ್ಕನಿಗೆ ಫೋನ್ ಮಾಡಿ ನನ್ನ ತಪ್ಪು ಹೇಳಿಕೊಂಡೆ. ಅವರು ಬೈಯಲಿಲ್ಲ. "ಸಕ್ಕರಿ ಇಳದೈತಿ. ದೌಡ ಯಾರ್ನರ ಒಳಗ ಕಳಸು. ಎಚ್ಚರ ಇದ್ರ ಸಕ್ಕರಿ ನೀರು ಕುಡಸಲಿ. ಎಚ್ಚರ ಇರದಿದ್ರ ಬಾಯಾಗ ಏನೂ ಹಾಕೂದು ಬ್ಯಾಡ. ಅಂಬ್ಯುಲೆನ್ಸಿಗೆ ನಾ ಹೇಳ್ತೇನಿ" ಎಂದರು.

ಯಾರನ್ನು ಕಳಿಸಲಿ? ಗುಂಪಿನಲ್ಲಿ ಕೇಳಿದೆ. ಇಂಡಿ ಊರಿನವರ ತವರು ಕನ್ನೊಳ್ಳಿಯೇ ಆಗಿತ್ತು. ಅವರು ಯಾರಿಗೋ ಹೇಳಿ, ಶರಣಪ್ಪನವರ ಬಾಜೂ ಮನೆಯ ನೀಲವ್ವನ ನಂಬರ್ ತರಿಸಿದರು. ಹತ್ತೇ ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ನಾನು ಮನೆ ತುಂಬ ತಿರುಗಿದೆ.

"ಒಳಗ ಹ್ಯಾಂಗ ಹೋಗ್ಲಿ ಯವ್ವಾ? ನಮ್ಮನ್ಯಾಗ ಹಸುಗೂಸು ಐತಿ" ಎಂದಳು ನೀಲವ್ವ.

ಹೋಗು ಎನ್ನಲು ನನಗೆ ಬಾಯಿ ಬರಲಿಲ್ಲ. ಅಂಬ್ಯುಲೆನ್ಸ್ ಸದ್ದಿಗೇ ಕಿಟಕಿ ಹಾಕುವವಳು ನಾನು. "ನಿನ್ನ ಜಾಗಾದಾಗ ನಾ ಇದ್ರೂ ಅಂಜತಿದ್ದೆ ನೀಲವ್ವಾ. ಆದ್ರ ಅವರು ಉಂಡಿಲ್ಲ ಕಾಣಸ್ತೈತಿ" ಎಂದಷ್ಟೇ ಹೇಳಿದೆ.

"ಉಂಡಿಲ್ಲಾ?" ಎಂದಳು ಆಕೆ. "ನಮ್ದು ಅವ್ರದು ಒಂದ ಗ್ವಾಡಿ. ನಿನ್ನಿ ಹೊರಗ ನಿಂತು ಕೇಳಿದ್ರ ಉಂಡೇನಿ ಅಂದ್ನಲ್ಲ." ಆಮೇಲೆ, "ಫೋನ್ ಇಡಬ್ಯಾಡ್ರಿ. ಬಾಯಿಗೆ ಸೆರಗ ಕಟಗೊಂಡು ಹೊಕ್ಕೇನಿ" ಎಂದಳು.

ಬಾಗಿಲು ಕಿರ್ರೆಂದಿತು. "ಅಣ್ಣಾ, ಏ ಅಣ್ಣಾ" ಎಂಬ ಕೂಗು. ಆಮೇಲೆ ಏನೂ ಇಲ್ಲ. ಬಸವಣ್ಣಾ, ನನ್ನ ತಪ್ಪಿಗೆ ಅವರನ್ನು ಒಯ್ಯಬೇಡಪ್ಪಾ ಎಂದು ಬೇಡಿಕೊಂಡೆ. ಯಜಮಾನರು ಬಂದು ನನ್ನ ಮೊಣಕೈ ಹಿಡಿದುಕೊಂಡು ನಿಂತರು.

"ಬೆವತು ತೊಯ್ದು ತೊಪ್ಪಿ ಆಗ್ಯಾನ್ರಿ" ಎಂಬ ನೀಲವ್ವನ ದನಿ ಬಂತು. "ಹೆಸರ ಹಿಡದು ಕರದ್ರ ಹೂಂ ಅಂತಾನ. ಸಕ್ಕರಿ ನೀರು ಕುಡಸಾಕತ್ತೇನಿ... ನುಂಗಿದಾ. ಇನ್ನೊಂದು ಗುಟುಕು ನುಂಗಿದಾ."

ನಾನು ಜೋರಾಗಿ ಅತ್ತುಬಿಟ್ಟೆ.

ಅಷ್ಟರಲ್ಲಿ ಅಂಬ್ಯುಲೆನ್ಸೂ ಬಂತು. ಶರಣಪ್ಪನವರು ಉಳಿದರು. ಕೆಲವು ದಿನಗಳ ಮೇಲೆ ಅವರ ಹೆಂಡತಿಯೂ ಮನೆಗೆ ಬಂದರು. ನೀಲವ್ವ ಅಂದಿನಿಂದ ಎರಡು ವಾರ ದನದ ಕೊಟ್ಟಿಗೆಯಲ್ಲಿ ಮಲಗಿದಳಂತೆ, ಕೂಸಿಗೆ ಏನೂ ಆಗಲಿಲ್ಲ. ಎರಡು ದಿನದಿಂದ ಸಕ್ಕರೆ ಇಲ್ಲದ ಚಹಾ ಬಿಟ್ಟು ಬೇರೇನೂ ಹೊಟ್ಟೆಗೆ ಬಿದ್ದಿರಲಿಲ್ಲವೆಂದು ಶರಣಪ್ಪನವರೇ ಒಪ್ಪಿಕೊಂಡರು. ಸುಳ್ಳು ಯಾಕೆ ಹೇಳಿದಿರಿ ಎಂದರೆ, "ನಾಕ ಮಂದಿಗೆ ಉಣ್ಣಾಕ ನೀಡಿದ ಮನಿರಿ ನಮ್ದು. ಉಂಡಿಲ್ಲ ಅಂತ ಹ್ಯಾಂಗ ಹೇಳ್ಲಿ?" ಎಂದರು.

ಅಂದಿನಿಂದ ನಮ್ಮ ಗುಂಪಿನಲ್ಲಿ ಯಾರೂ "ಉಂಡ್ರೀ" ಎಂದು ಕೇಳುವುದಿಲ್ಲ. ಪಲ್ಲೆ ಏನು ಎಂದೇ ಕೇಳುತ್ತೇವೆ. ಕೊರೊನಾ ಹೋಯಿತು, ಶಾಲೆ ತೆರೆಯಿತು, ನನ್ನನ್ನು ಮತ್ತೆ ಕರೆಯಲಿಲ್ಲ. ಗುಂಪು ಮಾತ್ರ ಉಳಿಯಿತು. ಈಗ ಆಪರೇಶನ್ ಆದವರಿಗೆ, ಬಾಣಂತಿಯರಿಗೆ, ಕ್ಷಯದ ಗುಳಿಗೆ ನುಂಗುವವರಿಗೆ ಫೋನ್ ಮಾಡುತ್ತೇವೆ. ಶರಣಪ್ಪ, ನೀಲವ್ವ ಇಬ್ಬರೂ ಸೇರಿದ್ದಾರೆ. ಬೆಳಿಗ್ಗೆ ಏಳಲು ನನಗೊಂದು ಕಾರಣವಿದೆ. ಆದರೂ ಯಾರಾದರೂ ಫೋನ್ ಎತ್ತುವುದು ತಡವಾದರೆ ಇಂದಿಗೂ ಬಾಜೂ ಮನೆಯವರ ನಂಬರ್ ಹುಡುಕತೊಡಗುತ್ತೇನೆ.

ಹೋದ ತಿಂಗಳು ಯಜಮಾನರು ಊರಲ್ಲಿರಲಿಲ್ಲ. ನನಗೆ ಜ್ವರ ಬಂದು ಮಲಗಿದ್ದೆ. ಶರಣಪ್ಪನವರ ಫೋನ್ ಬಂತು.

"ತಂಗೀ, ಪಲ್ಲೆ ಏನು ಮಾಡಿದಿ?"

"ಬದನಿಕಾಯಿರಿ ಅಣ್ಣಾರ."

"ಎಣ್ಣಿಗಾಯೋ, ಹೆಚ್ಚಿ ಮಾಡಿದ್ದೋ?"

"ಎಣ್ಣಿಗಾಯಿ... ಅಲ್ರಿ, ಹೆಚ್ಚಿ..." ಎಂದು ತೊದಲಿದೆ.

"ಸಿಕ್ಕಿಬಿದ್ದಿ ನೋಡು. ಏಳು, ಒಲಿ ಹಚ್ಚು. ಒಗ್ಗರಣಿ ಸಪ್ಪಳಾ ಕೇಳೂತನ ನಾ ಫೋನ್ ಇಡಂಗಿಲ್ಲ."

ಎದ್ದೆ. ಫೋನನ್ನು ಒಲೆಯ ಪಕ್ಕದಲ್ಲಿಟ್ಟು, ಕಾದ ಎಣ್ಣೆಗೆ ಸಾಸಿವೆ ಹಾಕಿದೆ.