ಕೈ ಅಡ್ಡ ಬರದ ಒಂದು ನಗು

ಅಣ್ಣನ ಮದುವೆಯ ಆಲ್ಬಮ್ಮಿನಲ್ಲಿ ನಾನು ನಗುತ್ತಿರುವ ಫೋಟೊಗಳು ಹದಿನಾಲ್ಕು. ಹದಿನಾಲ್ಕರಲ್ಲೂ ಬಾಯಿಗೆ ಕೈ ಅಡ್ಡ ಇದೆ. ಬರುವ ಬೇಸಿಗೆಯಲ್ಲಿ ತಂಗಿಯ ಮದುವೆ. ಆ ಆಲ್ಬಮ್ಮಿನಲ್ಲಿ ಕೈ ಇಲ್ಲದ ಒಂದು ಫೋಟೊ ಆದರೂ ಇರಬೇಕೆಂದು ಡೈರಿಯ ಮೊದಲ ಪುಟದಲ್ಲಿ ಬರೆದಿದ್ದೇನೆ.

ನಕ್ಕರೆ ನನ್ನ ಹಲ್ಲಿಗಿಂತ ವಸಡೇ ಮೊದಲು ಕಾಣುತ್ತದೆ. ಮುದ್ದೇಬಿಹಾಳದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಾನು ಬೋರ್ಡಿನತ್ತ ತಿರುಗಿದಾಗ ಮಕ್ಕಳು ಮೇಲ್ತುಟಿ ಎತ್ತಿ ಅಣಕಿಸುವುದು ಕಿಟಕಿಯ ಗಾಜಿನಲ್ಲಿ ಕಾಣುತ್ತದೆ. ಗೊಳಸಂಗಿಯ ನಮ್ಮ ಮನೆಯಲ್ಲಿ ಅವ್ವ ಚಿಕ್ಕಂದಿನಿಂದ ಹೇಳಿದ್ದು ಒಂದೇ ಮಾತು: "ಮಂದಿ ಮುಂದ ಬಾಯಿ ತಗದ ನಗಬ್ಯಾಡ. ಕೈ ಅಡ್ಡ ಹಿಡಿ."

ಕಳೆದ ದೀಪಾವಳಿ ರಜೆಯಲ್ಲಿ ಅವ್ವನನ್ನು ಕರೆದುಕೊಂಡು ವಿಜಯಪುರಕ್ಕೆ, ವಸಡಿನ ಡಾಕ್ಟರ ಹತ್ತಿರ ಹೋದೆ. ಅವರು ಹೇಳಿದ್ದನ್ನು ಅಂದೇ ಬರೆದುಕೊಂಡೆ. ಕೆಲವರಿಗೆ ವಸಡು ಹಲ್ಲಿನ ಮೇಲೆ ಇಳಿದು ಹಲ್ಲು ಗಿಡ್ಡ ಕಾಣುತ್ತದೆ. ಹೆಚ್ಚಾದ ವಸಡನ್ನು ಲೇಸರಿನಿಂದ ತೆಗೆದರೆ ಆಯಿತು. ಕೆಲವರಿಗೆ ನಗುವಾಗ ಮೇಲ್ತುಟಿ ಅತಿಯಾಗಿ ಏರುತ್ತದೆ. ಅದಕ್ಕೆ ಬೊಟಾಕ್ಸ್ ಸೂಜಿ. ಇನ್ನು ಕೆಲವರಿಗೆ ಮೇಲ್ದವಡೆಯ ಎಲುಬೇ ಉದ್ದ. ಅದು ಎಷ್ಟೋ ಸಲ ಮನೆತನದಿಂದಲೇ ಬರುತ್ತದೆ.

"ಮನ್ಯಾಗ ಮತ್ತ ಯಾರಿಗರೆ ಹಿಂಗ ಐತೇನ್ರಿ?" ಎಂದು ಡಾಕ್ಟರು ಕೇಳಿದರು.

"ಯಾರಿಗೂ ಇಲ್ರಿ. ಇಕಿಗಷ್ಟ," ಎಂದಳು ಅವ್ವ.

ಡಾಕ್ಟರು ನನಗೆ ನಗಲು ಹೇಳಿ, ಕಾಣುವ ವಸಡನ್ನು ಸಣ್ಣ ಸ್ಕೇಲು ಹಿಡಿದು ಅಳೆದರು. ಮೂರು ಮಿಲಿಮೀಟರು. ವಸಡು ತೆಗೆದರೆ ಸಾಕು ಎಂದರು. ತೆಗೆದ ಮೇಲೆ ಗಾಯಕ್ಕೆ ನಾದಿದ ಹಿಟ್ಟಿನಂಥ ಗುಲಾಬಿ ಬಣ್ಣದ ಔಷಧಿ ಮೆತ್ತಿದರು. ವಸಡು ಕಡಿಮೆ ಮಾಡಿಸಿಕೊಳ್ಳಲು ಹೋದವಳಿಗೆ ಒಂದು ವಾರ ಬಾಯಿ ತುಂಬ ವಸಡು! ಹಾಲಿನಲ್ಲಿ ನೆನೆಸಿದ ರೊಟ್ಟಿ ನುಂಗುತ್ತ, ಸಿಟ್ಟು ನುಂಗುತ್ತ ಕುಳಿತೆ.

ಆಮೇಲೆ ಪ್ರತಿ ತಿಂಗಳ ಮೊದಲ ದಿನ ಕನ್ನಡಿಯ ಮುಂದೆ ನಕ್ಕು, ಅಳೆದು ಬರೆದೆ. ಪ್ರತಿ ಸಲವೂ ಒಂದು ಮಿಲಿಮೀಟರು, ಅಷ್ಟೇ. ಗೆದ್ದೆ ಅಂದುಕೊಂಡೆ. ಹೋದ ತಿಂಗಳು ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಸಹೋದ್ಯೋಗಿಯೊಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿದರು. ಅದರಲ್ಲಿ ನಾನು ಯಾವುದಕ್ಕೋ ಜೋರಾಗಿ ನಕ್ಕಿದ್ದೇನೆ. ಕೈ ಬಾಯಿಗೆ ಬರುವ ಮೊದಲಿನ ಒಂದು ಕ್ಷಣದಲ್ಲಿ ವಸಡು ಪೂರ್ತಿ ಕಾಣುತ್ತದೆ.

ವಿಡಿಯೊ ಹಿಡಿದುಕೊಂಡು ಮತ್ತೆ ವಿಜಯಪುರಕ್ಕೆ ಹೋದೆ. ಅವ್ವನೂ ಬಂದಳು. ಡಾಕ್ಟರು ಎರಡೆರಡು ಸಲ ನೋಡಿ ತಲೆ ಕೆರೆದುಕೊಂಡರು.

"ಅವತ್ತ ನೀವು ಈ ನಗಿ ನಕ್ಕಿಲ್ರೀ."

ನಿಜ. ಅಂದು ನಾನು ನಕ್ಕಿದ್ದು ಮಂದಿಯ ಮುಂದಿನ ನಗೆ, ತುಟಿಯನ್ನು ಹಲ್ಲಿಗೆ ಒತ್ತಿ ಹಿಡಿದು. ಕನ್ನಡಿಯ ಮುಂದೆ ಅಳೆದದ್ದೂ ಅದನ್ನೇ. ಇಷ್ಟು ತಿಂಗಳ ನನ್ನ ಲೆಕ್ಕವೆಲ್ಲ ಸುಳ್ಳು ನಗೆಯ ಲೆಕ್ಕ.

"ಈಗ ಖರೇ ನಗಿ ನಗ್ರಿ ನೋಡೋಣು."

ನಗು ಬರಲಿಲ್ಲ. ಸ್ಕೇಲು ಮೂಗಿನ ಕೆಳಗೆ ಕಾಯುತ್ತಿರುವಾಗ ಯಾರಿಗೆ ನಗು ಬರುತ್ತದೆ? ಮತ್ತೆ ಮತ್ತೆ ಹಲ್ಲು ಕಿರಿದೆ. ಡಾಕ್ಟರು ಪ್ರತಿ ಸಲವೂ "ಇದಲ್ರೀ" ಎಂದರು. ನನಗೆ ಅಳುವೇ ಬಂತು. ಅವ್ವನಿಗೆ ತಾಳ್ಮೆ ತಪ್ಪಿತು.

"ಏನ ಹೇಳ್ಲಿರೀ ಸಾಹೇಬ್ರ, ಮನ್ಯಾಗ ಇಕಿ ನಕ್ಳಂದ್ರ ಕಟ್ಟಿದ ಎಮ್ಮಿ ಗಾಬರ್ಯಾಗಿ ಹಗ್ಗ ಹರಕೊಳ್ಳಾಕ ನೋಡತೈತಿ. ಇಲ್ಲಿ ನೋಡ್ರಿ, ಹೊಸಾ ಬೀಗತಿ ಕುಂತಂಗ ಕುಂತಾಳ!"

ನಾನು ಬಿದ್ದು ಬಿದ್ದು ನಕ್ಕೆ. ಕೈ ತಾನಾಗಿಯೇ ಮೇಲೆದ್ದಿತು.

"ಕೈ! ಕೈ ತಗೀರಿ!" ಎಂದು ಡಾಕ್ಟರು ಕೂಗಿದರು. ಆ ಕೈ ಹಿಡಿಯಲು ಕಲಿಸಿದ ಅವ್ವನೇ ನನ್ನ ಮಣಿಕಟ್ಟು ಹಿಡಿದು ತೊಡೆಯ ಮೇಲೆ ಅದುಮಿದಳು.

ಆರು ಮಿಲಿಮೀಟರು. ತುಟಿಯೂ ಏರುತ್ತದೆ, ದವಡೆಯೂ ಉದ್ದ. ದವಡೆಗೆ ದೊಡ್ಡ ಆಪರೇಷನ್ನೇ ಆಗಬೇಕು. ಸೂಜಿ ಮಾಡಿಸಿದರೆ ಕೆಲವು ತಿಂಗಳು ತುಟಿ ಏರುವುದಿಲ್ಲ, ಆಮೇಲೆ ಮತ್ತೆ ಮೊದಲಿನಂತೆ. ಮದುವೆಗೆ ಎರಡು ವಾರ ಮೊದಲು ಸೂಜಿ ಎಂದು ಬರೆದುಕೊಂಡೆ.

ತಲೆ ಎತ್ತಿದರೆ ಅವ್ವ ಇನ್ನೂ ನಗುತ್ತಿದ್ದಳು, ಬಾಯಿಗೆ ಸೆರಗು ಒತ್ತಿಕೊಂಡು. ನೆನಪಿಸಿಕೊಂಡು ನೋಡಿದೆ. ಅವಳು ಸೆರಗಿಲ್ಲದೆ ನಕ್ಕಿದ್ದನ್ನು ನಾನು ಎಂದೂ ಕಂಡಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಕೇಳಿಯೇಬಿಟ್ಟೆ. "ನಿನಗೂ ಹಿಂಗ ಐತಿ, ಹೌದಿಲ್ಲೋ? ಡಾಕ್ಟರ ಮುಂದ ಯಾಕ ಇಲ್ಲಂದಿ?"

"ನಂದ ಯಾರ ನೋಡ್ಯಾರ?" ಎಂದಳು ಅವ್ವ. "ನಾನೂ ನೋಡಿಲ್ಲ."

ಊರಿಗೆ ಹೋಗುವ ಆಲಮಟ್ಟಿ ಬಸ್ಸು ಬಂತು, ಹತ್ತಿದೆವು. ಸೂಜಿ ತುಟಿಯನ್ನು ಹಿಡಿದಿಡಬಹುದು. ಆದರೆ ಫೋಟೊ ತೆಗೆಯುವಾಗ ನನ್ನ ಕೈಯನ್ನು ಯಾರು ಹಿಡಿಯಬೇಕು? ಮದುವೆಯ ದಿನ ಅವ್ವನಿಗೆ ನೂರೆಂಟು ಕೆಲಸ ಇರುತ್ತವೆ.